ಕೂಲಿಮಠದ ಬಾಗಿಲು

ಮದರಾಸು ಆಧಿಪತ್ಯದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಒಂದು ಟಿಪ್ಪಣಿಯನ್ನು ಬರೆದನು. ಈ ದೇಶದ ಭೂಮಿಯನ್ನು ಅಳೆದದ್ದಾಯಿತು, ಬೇಸಾಯದ ಲೆಕ್ಕವನ್ನು ತೆಗೆದದ್ದಾಯಿತು, ಹುಟ್ಟುವಳಿಯೆಷ್ಟು ಜನಸಂಖ್ಯೆಯೆಷ್ಟು ಎಂದು ವಿಚಾರಿಸಿದ್ದಾಯಿತು. ಆದರೆ ಇಲ್ಲಿಯ ಮಕ್ಕಳು ಎಲ್ಲಿ ಓದುತ್ತಾರೆ, ಏನನ್ನು ಓದುತ್ತಾರೆ ಎಂಬುದನ್ನು ತಿಳಿಯುವುದಕ್ಕೆ ಇದುವರೆಗೆ ಏನೂ ನಡೆದಿಲ್ಲ ಎಂಬುದು ಅದರ ತಾತ್ಪರ್ಯ. ಮನ್ರೋ ಸಾಹೇಬನು ಹಿಂದೆ ಬಳ್ಳಾರಿ ಅನಂತಪುರಗಳ ಸೀಮೆಯಲ್ಲಿ ಏಳು ವರ್ಷಗಳ ಕಾಲ ಮುಖ್ಯ ಕಲೆಕ್ಟರನಾಗಿ ಊರೂರು ಸುತ್ತಿ, ಚಾವಡಿಯ ಮುಂದೆ ಗುಡಾರ ಹೂಡಿ ರೈತರೊಡನೆ ಮಾತನಾಡಿದವನಾದುದರಿಂದ, ಅಂಥ ಪ್ರಶ್ನೆ ಅವನಿಗೆ ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಕಲೆಕ್ಟರರು ಅದಕ್ಕೆ ಕೊಟ್ಟ ಉತ್ತರಗಳಲ್ಲಿ. ಕನ್ನಡ ಜಿಲ್ಲೆಯ (ಕೆನರಾದ) ಕಲೆಕ್ಟರನು, ಇಲ್ಲಿ ಕಾಲೇಜು ಮೊದಲಾದವು ಇಲ್ಲ, ಮಕ್ಕಳಿಗೆ ಮನೆಮನೆಗಳಲ್ಲಿ ಪಾಠ ನಡೆಯುತ್ತದೆ, ಲೆಕ್ಕ ಕೂಡಿಸಹೋದರೆ ಕಾಲ ವ್ಯರ್ಥವಾಗುವುದೇ ಹೊರತು ಫಲವಿಲ್ಲ ಎಂಬರ್ಥದ ನಾಲ್ಕು ಮಾತು ಬರೆದು ಕೈತೊಳೆದುಕೊಂಡನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ಒಂದು ವರ್ಷಕ್ಕೂ ಮೇಲ್ಪಟ್ಟು ಸಮಯ ತೆಗೆದುಕೊಂಡು, 1823ನೆಯ ಆಗಸ್ಟ್ 17ರಂದು ಕಳುಹಿಸಿದ ವರದಿಯು, ಕನ್ನಡ ನಾಡಿನ ಊರ ಮಠ, ಅಂದರೆ ಊರ ಶಾಲೆ, ಹೇಗಿತ್ತು ಎಂದು ತಿಳಿಯಬಯಸುವವನಿಗೆ ಇಂದಿಗೂ ಮೊದಲು ತೆರೆದು ನೋಡಬೇಕಾದ ಬರಹವಾಗಿದೆ.

ಕ್ಯಾಂಪ್‌ಬೆಲ್ ಭಾಷಾಜ್ಞನಾಗಿದ್ದನು, 1816ರಲ್ಲಿಯೇ ತೆಲುಗಿನ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ್ದವನು. ಆದಕಾರಣ ಅವನ ವರದಿಯು ತಹಶೀಲುದಾರರು ಕಳಿಸಿದ ಅಂಕಿಗಳ ಕಂತೆಯಾಗಿ ಉಳಿಯದೆ, ಮಠದೊಳಗೆ ಹೋಗಿ ಕುಳಿತು ನೋಡಿದವನ ಕಥನದಂತಿದೆ. ಅಂಕಿಗಳನ್ನೂ ಹೇಳಬೇಕಾದುದೇ. ಜಿಲ್ಲೆಯ ಜನಸಂಖ್ಯೆ 9,27,857, ಮಠಗಳು 533, ಓದುವ ಮಕ್ಕಳು 6,641. ಅಂದರೆ ಒಂದೊಂದು ಮಠಕ್ಕೆ ಹನ್ನೆರಡು ಹುಡುಗರು. ಜನರಲ್ಲಿ ಸಾವಿರಕ್ಕೆ ಏಳರಷ್ಟು ಮಂದಿ. ಕನ್ನಡ ಕಲಿಸುವ ಮಠಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4. ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಮೀಸಲಾದ ಶಾಸ್ತ್ರಾಧ್ಯಯನದ ಸ್ಥಾನಗಳು. ಹಿಂದೂ ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣ ಬಾಲಕರು 1,185, ವೈಶ್ಯರು 981, ಶೂದ್ರರೆಂದು ನಮೂದಾದವರು 2,998, ‘ಇತರ ಜಾತಿ’ಗಳವರು 1,174; ಇವರಲ್ಲದೆ ಮುಸಲ್ಮಾನ ಮಕ್ಕಳು 243. ಒಂಬತ್ತು ಲಕ್ಷ ಜನರ ಆ ಸೀಮೆಯಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳ ಸಂಖ್ಯೆ ಅರವತ್ತು.

ಈ ಅಂಕಿಗಳ ವಿಷಯದಲ್ಲಿ ಮುಂದೆ ಬಹಳ ದೊಡ್ಡ ವಾಗ್ವಾದವೇ ನಡೆಯಿತು. 1931ರ ಅಕ್ಟೋಬರಿನಲ್ಲಿ ಗಾಂಧೀಜಿ ಲಂಡನ್ನಿನ ಸಭೆಯೊಂದರಲ್ಲಿ, ನೂರು ವರ್ಷಗಳ ಹಿಂದೆ ಇದ್ದುದಕ್ಕಿಂತ ಇಂದಿನ ಭಾರತದಲ್ಲಿ ನಿರಕ್ಷರತೆ ಹೆಚ್ಚಾಗಿದೆಯೆಂದೂ, ಆಂಗ್ಲರ ಆಡಳಿತವು ಊರ ಮಠದ ಬೇರನ್ನು ಕೆದಕಿ ನೋಡಿ ಹಾಗೆಯೇ ಬಿಟ್ಟುದರಿಂದ ಮರ ಒಣಗಿತೆಂದೂ ಹೇಳಲಾಗಿ, ಢಾಕಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸರ್ ಫಿಲಿಪ್ ಹಾರ್ಟಾಗ್ ಅದನ್ನು ಖಂಡಿಸಲು ವರ್ಷಗಟ್ಟಲೆ ಶ್ರಮಿಸಿದನು. ಬಳ್ಳಾರಿಯ ವರದಿಯಲ್ಲಿ ಇಬ್ಬರಿಗೂ ಬೇಕಾದುದು ದೊರೆಯುತ್ತದೆ. 533 ಮಠಗಳೆಂಬುದು ಸಣ್ಣ ಮಾತಲ್ಲ; ಯಾವ ಸರಕಾರದ ನೆರವೂ ಇಲ್ಲದೆ ಜನರೇ ನಡೆಯಿಸಿಕೊಂಡು ಬಂದ ಮಠಗಳವು. ಸಾವಿರಕ್ಕೆ ಏಳೆಂಬುದೂ ಅಷ್ಟೇ ದಿಟ. ಹೊಗಳಬಂದವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗುತ್ತಾರೆ, ತೆಗಳಬಂದವರು ಎರಡನೆಯದನ್ನು ಹೇಳಿ ಮೊದಲನೆಯದನ್ನು, ಇಷ್ಟೇ ಭೇದ.

ಇನ್ನು ಮಠದೊಳಕ್ಕೆ ಹೋಗೋಣ. ಹಳೆಯ ಮೈಸೂರಿನ ಕಡೆ ಇದನ್ನು ಕೂಲಿಮಠವೆಂದು ಕರೆಯುತ್ತಿದ್ದರು. ಧಾರವಾಡದ ಕಡೆ ಐಗಳ (ಎಂದರೆ ಗುರುಗಳ) ಮಠ, ಗಾಂವಟಿ ಸಾಲೆ ಎಂಬ ಹೆಸರುಗಳೂ ರೂಢಿಯಲ್ಲಿದ್ದುವು. ಗುಡಿಯ ಮೊಗಸಾಲೆಯೋ, ಜಂಗಮರ ಮಠದ ಪಡಸಾಲೆಯೋ, ಸಾಹುಕಾರನ ಮನೆಯ ಜಗುಲಿಯೋ ಅದಕ್ಕೆ ಸಾಕಾದ ಕಟ್ಟಡ. ಐದನೆಯ ವರ್ಷದಲ್ಲಿ ಶುಭಮುಹೂರ್ತವನ್ನು ನೋಡಿ, ಐಗಳೂ ಮಠದ ಹುಡುಗರೂ ಮಗುವಿನ ಮನೆಗೇ ಬಂದು, ಗಣಪತಿಯ ಪೂಜೆಯಾದ ಮೇಲೆ, ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಯಿಸಿ, ಮರುದಿನದಿಂದ ಅದನ್ನು ಮಠಕ್ಕೆ ಕರೆದುಕೊಳ್ಳುತ್ತಿದ್ದರು. ಬೆಳಗಿನ ಆರು ಗಂಟೆಗೆ ಮಠ ನೆರೆಯುವುದು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಐಗಳು ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನ ಅಂಗೈಯ ಮೇಲೆ, ಹೊಗಳಿಕೆಗೂ ಇಲ್ಲ ತೆಗಳಿಕೆಗೂ ಇಲ್ಲ ಎಂಬುದರ ಗುರುತಾಗಿ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದಾಗಿ ಏರುತ್ತ ಹೋಗುವುದು. ಹನ್ನೆರಡನೆಯವನ ಅಂಗೈಯ ಪಾಡನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು. ಗಣಿತದ ಪ್ರಥಮ ಪಾಠ ಹೊಸ್ತಿಲಿನಲ್ಲಿಯೇ ಆಗಿಹೋಗುತ್ತಿತ್ತು. ಸೋಮಾರಿಗಳಿಗೆ ಬಸ್ಕಿ ಉಂಟು. ಅದಕ್ಕೂ ಬಗ್ಗದವರಿಗೆ ಕೈಗಳನ್ನು ಕಟ್ಟಿ ತೊಲೆಗೆ ಏರಿಸುವ ಕೋದಂಡ ಉಂಟು. ಹಳೆಯ ತಲೆಮಾರಿನವರು ಮುಪ್ಪಿನಲ್ಲಿ ಕೋದಂಡದ ಕಥೆಯನ್ನು ನಗುನಗುತ್ತ ಹೇಳುವುದನ್ನು ಕೇಳಿ, ಆ ಶಿಕ್ಷೆ ಹಿತಕರವಾಗಿಯೇ ಇದ್ದಿರಬೇಕು ಎಂದು ಭಾವಿಸುವವರಿದ್ದಾರೆ. ನಗೆ ಬರುವುದು ತೊಲೆಯಿಂದ ಇಳಿದು ಐವತ್ತು ವರ್ಷಗಳಾದ ಮೇಲೆ ಎಂಬುದನ್ನು ಅವರು ಮರೆಯುತ್ತಾರೆ.

ಬರವಣಿಗೆಯ ಕ್ರಮವು ಸ್ವಾರಸ್ಯವಾದುದು. ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತೀಡುವುದು. ಕೈ ಕುದುರಿದ ಮೇಲೆ ಓಲೆಯ ಮೇಲೆ ಕಂಟದಿಂದ ಬರೆಯುವುದು. ಇಲ್ಲವೆ ಹಲಗೆಯ ಮೇಲೋ ಕಡತದ ಮೇಲೋ ಬಳಪದಿಂದ ಬರೆಯುವುದು. ಹಲಗೆಯೆಂದರೆ ಒಂದಡಿ ಅಗಲ ಮೂರಡಿ ಉದ್ದದ ಮರದ ಹಲಗೆ. ಅನ್ನವನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದರೆ ಮೇಲ್ಮೈ ಕಪ್ಪಾಗಿ ನುಣುಪಾಗುವುದು. ಕಡತವು ಬಟ್ಟೆಯದು: ಗಂಜಿಯಲ್ಲಿ ಅದ್ದಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಲನ್ನೂ ಅಂಟನ್ನೂ ಬೆರಸಿ ಬಳಿದು ಒಣಗಿಸಿದ್ದು. ಬರೆದುದು ಬೇಡವಾದರೆ ಒದ್ದೆಬಟ್ಟೆಯಿಂದ ಒರಸಿದರೆ ಸರಿ. ಇದನ್ನು ಮಕ್ಕಳ ಆಟಿಕೆಯೆಂದು ತಿಳಿಯಲಾಗದು. ಅಂಗಡಿಯ ಶೆಟ್ಟರ ಲೆಕ್ಕವೂ, ಊರ ಶಾನುಭೋಗರ ದಫ್ತರವೂ, ಶೃಂಗೇರಿಯಂಥ ಮಠದ ಹಳೆಯ ಕಾಗದಪತ್ರಗಳೂ ಕಡತದಲ್ಲಿಯೇ ಇದ್ದುವು. ಹುಡುಗನು ಮಠದಲ್ಲಿ ಯಾವುದರ ಮೇಲೆ ಬರೆದು ಕಲಿತನೋ ಅದರ ಮೇಲೆಯೇ ಜೀವನವಿಡೀ ಬರೆಯಬೇಕಾಗಿದ್ದಿತು.

ಕಾಗುಣಿತ, ಒತ್ತಕ್ಷರ, ಮಗ್ಗಿ, ಭಿನ್ನರಾಶಿ, ಕಾಗದ ಬರೆಯುವ ಒಕ್ಕಣೆ, ಅರ್ಜಿಯ ಒಕ್ಕಣೆ ಇವಿಷ್ಟು ಎಲ್ಲರಿಗೂ ಸಮಾನ. ಓದುವ ಗ್ರಂಥಗಳಲ್ಲಿ ರಾಮಾಯಣ ಭಾರತ ಭಾಗವತಗಳು ಸರಿಯೇ. ವೀರಶೈವರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚನ್ನಬಸವಪುರಾಣ. ವಿನೋದಕ್ಕೆ ಪಂಚತಂತ್ರ, ಬೇತಾಳಪಂಚವಿಂಶತಿ. ಮುಂದುವರಿದವರಿಗೆ ಅಮರ, ನಿಘಂಟು, ಶಬ್ದಮಣಿದರ್ಪಣ. ಹತ್ತು ವರ್ಷದ ಹುಡುಗನ ಕೈಗೆ ಕೇಶಿರಾಜನ ವ್ಯಾಕರಣವನ್ನು ಕೊಡುತ್ತಿದ್ದರೆಂದರೆ ನಮ್ಮ ಇಂದಿನ ಪಂಡಿತರೂ ತುಸು ಬೆದರಬಹುದು. ಆದರೆ ಕ್ಯಾಂಪ್‌ಬೆಲ್ ಇಲ್ಲಿಯೇ ತನ್ನ ಆಕ್ಷೇಪವನ್ನು ತೆಗೆಯುತ್ತಾನೆ: ಈ ಪುಸ್ತಕಗಳೆಲ್ಲ ಪದ್ಯದಲ್ಲಿವೆ, ಆ ಪದ್ಯದ ಭಾಷೆ ಬಾಯಿಮಾತಿನ ಭಾಷೆಗೆ ಬಹಳ ದೂರ, ಹುಡುಗರು ಅರ್ಥವನ್ನರಿಯದೆ ಗಿಳಿಗಳಂತೆ ಒಪ್ಪಿಸುತ್ತಾರೆ, ಐಗಳಿಗೂ ಎಷ್ಟೋ ಕಡೆ ಅರ್ಥ ಗೊತ್ತಿಲ್ಲ, ಪ್ರತಿಗಳು ತಪ್ಪುಗಳಿಂದ ತುಂಬಿವೆ ಎಂದು. ಈ ದೂರು ನಿರಾಧಾರವಾದುದಲ್ಲ. ಆದರೂ ಒಂದು ಮಾತುಂಟು: ಬಾಲ್ಯದಲ್ಲಿ ಅರ್ಥವಿಲ್ಲದೆ ಬಾಯಿಗೆ ಬಂದ ಪದ್ಯವು ನಡುವಯಸ್ಸಿನಲ್ಲಿ, ಗಮಕಿಯೊಬ್ಬನು ಗುಡಿಯ ಮುಂದೆ ಓದುವಾಗ, ತಾನಾಗಿಯೇ ಅರ್ಥವಾಗುವುದುಂಟು, ಕಲೆಕ್ಟರನು ಪರೀಕ್ಷಿಸಿದ್ದು ಹುಡುಗರನ್ನು ಮಾತ್ರ.

ಅವನು ಮನಸಾರ ಮೆಚ್ಚಿದ ಸಂಗತಿ ಬೇರೆ: ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮ. ಒಬ್ಬರೇ ಐಗಳು, ಹತ್ತು ಹದಿನೈದು ಹುಡುಗರು, ಒಬ್ಬೊಬ್ಬನದು ಒಂದೊಂದು ಪಾಠ. ಆದುದರಿಂದ ತಿಳಿದವನು ತಿಳಿಯದವನನ್ನು ಹತ್ತಿರ ಕುಳ್ಳಿರಿಸಿಕೊಂಡು ಹೇಳಿಕೊಡುವನು. ಮದರಾಸಿನ ಅನಾಥಾಲಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಮರಳಿನಲ್ಲಿ ಬರೆಯುವ ದೇಶೀಯ ಮಕ್ಕಳನ್ನು ಕಂಡು, ಆ ಪದ್ಧತಿಯನ್ನು ತನ್ನಲ್ಲಿ ಆಚರಣೆಗೆ ತಂದು, 1797ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದ ಮೇಲೆ, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದನ್ನು ಸ್ವೀಕರಿಸಿದುವು. ಇಂಗ್ಲೆಂಡು ಅನುಕರಿಸಿದ ಮಠಗಳು ಇಲ್ಲಿ ಮುಚ್ಚುತ್ತಿದ್ದುವು. ಕಾರಣವನ್ನು ಕ್ಯಾಂಪ್‌ಬೆಲ್ ಮರೆಮಾಚುವುದಿಲ್ಲ. ವಿಲಾಯಿತಿಯ ಬಟ್ಟೆ ಬಂದು ನೇಕಾರರು ಬಡವಾದರು. ದೇಶದ ಹಣ ಹೊರಕ್ಕೆ ಹರಿಯಿತು. ಹಿಂದೆ ಮಠವಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ. ದೊಡ್ಡ ಮಠವಿದ್ದೆಡೆಯಲ್ಲಿ ಉಳ್ಳವರ ನಾಲ್ಕು ಮಕ್ಕಳು ಮಾತ್ರ ಓದುತ್ತಾರೆ. ಕುಟುಂಬಕ್ಕೆ ಎರಡು ಕಾಸು ಬರಲೆಂದು ಮಕ್ಕಳು ಎಳವೆಯಲ್ಲೇ ದುಡಿಮೆಗೆ ಬೀಳುತ್ತಾರೆ. ಕಂಪೆನಿಯ ನೌಕರನೊಬ್ಬನು ಕಂಪೆನಿಯ ಸರಕಾರಕ್ಕೇ ಹೀಗೆ ಬರೆದನೆಂಬುದನ್ನು ಮೆಚ್ಚಬೇಕು.

ಆದರೆ ಈ ಮಠದ ಗುಣವು ಯಾವುದೋ ಅದರ ಮಿತಿಯೂ ಅದೇ ಆಗಿದ್ದಿತು. ಅದು ಕೇರಿಯವರದು, ಕೇರಿಯವರು ಕೊಟ್ಟ ಕಾಳುಕಡಿಯಲ್ಲಿ, ಹಬ್ಬದ ದಿನದ ಕಾಣಿಕೆಯಲ್ಲಿ ಐಗಳ ಸಂಸಾರ ನಡೆಯುವುದು. ಹೀಗಿರಲಾಗಿ, ಕೇರಿ ಎಷ್ಟು ಅಗಲವೋ ಮಠವೂ ಅಷ್ಟೇ ಅಗಲ. ಊರ ಹೊರಗೆ ಇರಿಸಲ್ಪಟ್ಟವನಿಗೆ ಜಗುಲಿಯನ್ನು ಏರುವ ಮಾತೇ ಇಲ್ಲ. ಅವನು ಏರಿದನೆಂದರೆ ಮರುದಿನ ಐಗಳ ಒಲೆ ಉರಿಯದು. ಐಗಳನ್ನು ದೂರಿ ಫಲವಿಲ್ಲ. ಈ ಕಟ್ಟನ್ನು ಹರಿಯಬಲ್ಲ ಶಾಲೆ ಯಾವುದೆಂದರೆ ಕೇರಿಯ ಕಾಳಿಗೆ ಕೈಯೊಡ್ಡದ, ಸಂಬಳ ಬೇರೆಡೆಯಿಂದ ಬರುವ ಶಾಲೆ. ಅಂದರೆ ಸರಕಾರದ ಶಾಲೆ. ಅಂಥ ಶಾಲೆ ಬಂದಿತು. ಬಂದು ಏನು ಮಾಡಿತೆಂಬುದೇ ಮುಂದಿನ ಕಥೆ.

ತುಂಗಭದ್ರೆಯ ಆಚೆಗೆ, ಪೇಶ್ವೆಯ ರಾಜ್ಯ ಮುರಿದು 1818ರಲ್ಲಿ ಇಂಗ್ಲಿಷರ ವಶವಾದ ಧಾರವಾಡ ಸೀಮೆಯನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಕಚೇರಿಯ ದಫ್ತರ ಮರಾಠಿ. ಕಾರಕೂನರ ಮಾತು ಮರಾಠಿ. ಸರಕಾರ ತೆರೆದ ಶಾಲೆಗಳಲ್ಲಿಯೂ, ಮನೆಯಲ್ಲಿ ಕನ್ನಡವನ್ನಲ್ಲದೆ ಮತ್ತೊಂದನ್ನು ಕೇಳಿ ಅರಿಯದ ಮಕ್ಕಳು ಮರಾಠಿಯ ಮೋಡಿ ಅಕ್ಷರವನ್ನು ತಿದ್ದುವ ಸ್ಥಿತಿ ಬಹುಕಾಲ ನಡೆಯಿತು. 1854ರಲ್ಲಿ ಸರ್ ಚಾರ್ಲ್ಸ್ ವುಡ್ಡನ ಶಿಕ್ಷಣ ನಿರೂಪ ಹೊರಟು, ಮುಂದಿನ ವರ್ಷ ಮುಂಬಯಿಯಲ್ಲಿ ವಿದ್ಯಾ ಇಲಾಖೆ ಸ್ಥಾಪಿತವಾದ ಮೇಲೆ ಪರಿಸ್ಥಿತಿ ಬದಲಾಯಿಸತೊಡಗಿತು. ಈ ಬದಲಾವಣೆಯ ಜೊತೆಗೆ ಧಾರವಾಡದವರು ಇಂದಿಗೂ ನೆನೆಯುವ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. 1833ರಲ್ಲಿ ಜನಿಸಿ, ಪುಣೆಯಲ್ಲಿ ಓದಿ, ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯರಾಗಿ, ತರುವಾಯ ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ, ಕುದುರೆಯ ಮೇಲೂ ಚಕ್ಕಡಿಯಲ್ಲೂ ಊರೂರು ತಿರುಗಿ, ಮರಾಠಿಯ ಜಾಗದಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದ ಆ ಮಹನೀಯರಿಗೆ, ಮೇಲಧಿಕಾರಿಯಾಗಿದ್ದ ರಸೆಲ್ ಸಾಹೇಬನ ಬೆಂಬಲವಿದ್ದಿತು. ಮಾಸ್ತರರಿಗಾಗಿ 1865ರಲ್ಲಿ ‘ಮಠಪತ್ರಿಕೆ’ ಎಂಬ ಮಾಸಿಕ ಹೊರಟಿತು. ಸರಕಾರಿ ಇಲಾಖೆಯ ಪತ್ರಿಕೆಗೂ ಹಳೆಯ ಮಠದ ಹೆಸರೇ ಹಿತವಾಗಿ ಕಂಡಿತೆಂಬುದು ಗಮನಿಸತಕ್ಕುದು. ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ಇಳಿಸಿದವರೂ ಚನ್ನಬಸಪ್ಪನವರೇ. 1881ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಹುಬ್ಬಳ್ಳಿ ಧಾರವಾಡಗಳ ಮಗುವು ತನ್ನ ತಾಯಿಯ ಮಾತಿನಲ್ಲಿ ಸರಕಾರಿ ಶಾಲೆಯಲ್ಲಿ ಕಲಿಯುವುದು ಸ್ವಾಭಾವಿಕವೆನ್ನಿಸಿಕೊಂಡಿತ್ತು. ಭಾಷೆಯ ಮಟ್ಟಿಗೆ ಶಾಲೆ ನೆರೆಹೊರೆಯದಾಯಿತು.

ಬಾಗಿಲಿನ ಮಟ್ಟಿಗೆ ಏನಾಯಿತು? ಇಲಾಖೆ ಹುಟ್ಟಿದ ಮರುವರ್ಷವೇ, 1856ರ ಜೂನ್ ತಿಂಗಳಿನಲ್ಲಿ, ಧಾರವಾಡದ ಒಬ್ಬ ಹುಡುಗನು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಬರೆದುಕೊಂಡನು. ತಾನು ಮಹಾರ ಜಾತಿಯವನು. ಎಲ್ಲರೂ ಕೊಡುವ ಫೀಯನ್ನು ಕೊಡಲು ಸಿದ್ಧನಿದ್ದಾನೆ. ಆದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ. ಸರಕಾರ ನ್ಯಾಯ ದೊರಕಿಸಬೇಕು. ಇಷ್ಟೇ ವಿಷಯ. ಸರಕಾರಿ ಶಾಲೆಯೆಂಬ ಹೊಸ ವಸ್ತುವನ್ನು, ಅದರ ಹೆಸರು ಹೇಳುವ ಅರ್ಥದಲ್ಲಿಯೇ ನಂಬಿದವರಲ್ಲಿ ಈ ಹುಡುಗನು ಮೊದಲಿಗರಲ್ಲೊಬ್ಬನು. ಮಾಸ್ತರನು ಬಾಗಿಲಲ್ಲಿ ತಡೆದಾಗ ಮನೆಗೆ ಹಿಂದಿರುಗಿ ಸುಮ್ಮನಾಗದೆ, ಗವರ್ನರನ ತನಕ ಬರೆಯಬೇಕೆಂಬ ಧೈರ್ಯ ಅವನಿಗೆ, ಅಥವಾ ಅವನ ಬೆನ್ನಿಗಿದ್ದವರಿಗೆ, ಬಂದಿತಲ್ಲವೆ! ಪುಣೆಯಲ್ಲಿ ಜ್ಯೋತಿರಾವ್ ಫುಲೆ ದಂಪತಿಗಳು ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದು ಆಗಲೇ ಕೆಲವು ವರ್ಷಗಳಾಗಿದ್ದುವು. ಧಾರವಾಡದಲ್ಲಿ ಅಂಥ ಆಸರೆ ಇರಲಿಲ್ಲ.

ಜುಲೈ 21ರಂದು ಮುಂಬಯಿಯ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ನನ ಸರಕಾರ ಆಜ್ಞೆಯನ್ನು ಹೊರಡಿಸಿತು. ಆಂಗ್ಲ ಆಡಳಿತದ ಗದ್ಯಕ್ಕೆ ಅದೊಂದು ಮಾದರಿ. ವಿಷಯ ವ್ಯಾವಹಾರಿಕವಾಗಿ ತುಂಬ ಕಠಿನವಾದುದೆಂದು ಮೊದಲು ಒಪ್ಪಿ, ತತ್ತ್ವತಃ ನ್ಯಾಯವು ಅರ್ಜಿದಾರನ ಕಡೆಗಿದೆಯೆಂಬುದರಲ್ಲಿ ಸಂದೇಹವೇ ಇಲ್ಲವೆಂದು ಆಮೇಲೆ ಒಪ್ಪಿ, ಅವನಿಗೆ ಅಡ್ಡ ಬಂದಿರುವ ಪೂರ್ವಗ್ರಹಗಳು ಬೇಗನೆ ತೊಲಗಲಿ ಎಂದು ಹಾರೈಸಿ, ಇಷ್ಟೆಲ್ಲ ಆದ ಬಳಿಕ, ಯುಗಯುಗಗಳಿಂದ ಬಂದ ಭಾವನೆಗಳಲ್ಲಿ ಒಬ್ಬಿಬ್ಬರ ಸಲುವಾಗಿ ಕೈಹಾಕಿದರೆ ವಿದ್ಯಾಭ್ಯಾಸದ ಒಟ್ಟು ಕಾರ್ಯಕ್ಕೇ ಕೇಡಾಗುವುದೆಂದೂ, ಅರ್ಜಿದಾರನ ತೊಂದರೆಯು ಈ ಸರಕಾರ ಹುಟ್ಟಿಸಿದುದಲ್ಲವಾದುದರಿಂದ ಈ ಸರಕಾರ ಅದನ್ನು ತಟ್ಟನೆ ನೀಗಲಾರದೆಂದೂ ಅದು ತೀರ್ಪಿತ್ತಿತು. ನ್ಯಾಯ ನಿನ್ನದು, ಶಾಲೆ ನಿನ್ನದಲ್ಲ! ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಎಂದು ನಮ್ಮವರು ಹೇಳುವ ಮಾತು ಇಂಥ ಸಂದರ್ಭಕ್ಕೆ ಸಾಲದು. ಇಲ್ಲಿ ದೀಪದ ಬೆಳಕು ಒಂದೇ ಕಡೆಗೆ ಬಿದ್ದಿದೆ. ಸತಿಯನ್ನು ನಿಲ್ಲಿಸುವಾಗ, ವಿಧವೆಯರ ಮರುಮದುವೆಗೆ ಕಾಯಿದೆ ಮಾಡುವಾಗ ಯುಗಯುಗಗಳ ಭಾವನೆ ಅಡ್ಡ ಬರಲಿಲ್ಲವಲ್ಲ ಎಂದು ಕೇಳುವವನು ಆ ಹೊತ್ತು ಧಾರವಾಡದಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ. ವಿಧವಾವಿವಾಹದ ಕಾಯಿದೆ ಕಲ್ಕತ್ತೆಯಲ್ಲಿ ಮಂಜೂರಾದುದು ಇದೇ ಜುಲೈ ತಿಂಗಳಿನಲ್ಲಿ.

ಕಾಗದ ಕಲ್ಕತ್ತೆಗೂ ಹೋಯಿತು. 1857ರ ಜನವರಿ 23ರಂದು ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗನ ಸರಕಾರ ಕೊಟ್ಟ ಉತ್ತರವು ಇನ್ನೂ ಸೂಕ್ಷ್ಮವಾದುದು: ಮುಂಬಯಿ ಸರಕಾರ ವಿವೇಕದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಳದ ಯಾವ ಸರಕಾರಿ ಶಾಲೆಯಲ್ಲಿಯೂ ಆ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂದು. ಮುಂಬಯಿಯವರಿಗೆ ಈ ಮಾತು ಚುಚ್ಚಿತು, ಸಮರ್ಥನೆಗಳನ್ನು ಬರೆದರು. ನಡುವೆ ಮೀರತ್ತಿನಲ್ಲಿ ದಂಗೆಯೆದ್ದು ದೇಶವೆಲ್ಲ ತಲ್ಲಣಿಸಿತು. ಕೊನೆಯ ಮಾತನ್ನು ಆಡಿದವರು ಲಂಡನ್ನಿನಲ್ಲಿದ್ದ ಕಂಪೆನಿಯ ಡೈರೆಕ್ಟರರು: 1858ರ ಏಪ್ರಿಲ್ 28ರ ಪತ್ರದಲ್ಲಿ ಅವರು, ಸರಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬುದೇ ತಮ್ಮ ಉದ್ದೇಶವೆಂದೂ, ಮೂಲತಃ ಸರಿಯಾದ ಈ ತತ್ತ್ವದಿಂದ ತಾವು ಸರಿಯಲಾರೆವೆಂದೂ, ಅದರಿಂದ ಕೆಲವು ವಿದ್ಯಾರ್ಥಿಗಳು ಬಿಟ್ಟುಹೋಗಬಹುದಾದರೂ ಹಾಗೆ ಆಕ್ಷೇಪಿಸುವವರು ತಮ್ಮ ವಂತಿಗೆಯನ್ನು ಹಿಂತೆಗೆದುಕೊಂಡು ತಮಗೆ ಬೇಕಾದ ಪ್ರತ್ಯೇಕ ಶಾಲೆಯನ್ನು ಕಟ್ಟಿಕೊಳ್ಳಲು ಸ್ವತಂತ್ರರೆಂದೂ ಬರೆದರು. ಮುಂದಿನ ತಿಂಗಳು ಧಾರವಾಡದ ಬಳಿಯಲ್ಲೇ ನರಗುಂದದ ಬಾಬಾಸಾಹೇಬನು ಬಂಡೆದ್ದು, ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ನನ ತಲೆ ನರಗುಂದದ ಬಾಗಿಲಲ್ಲಿ ತೂಗಿತು. ಅದೇ ವರ್ಷ ಕಂಪೆನಿಯ ಆಳಿಕೆಯೇ ಕೊನೆಗೊಂಡಿತು. ಇಂಥ ಗಲಭೆಯ ನಡುವೆ ಶಾಲೆಯ ಬಾಗಿಲನ್ನು ಕುರಿತ ಪತ್ರವೊಂದನ್ನು ಜಿಲ್ಲೆಯ ಅಧಿಕಾರಿಗಳು ಎಷ್ಟು ಆತುರದಿಂದ ಓದಿದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಅರ್ಜಿ ಬರೆದಾಗ ಶಾಲೆಯ ವಯಸ್ಸಿನಲ್ಲಿದ್ದವನು, ಉತ್ತರ ಬರುವ ಹೊತ್ತಿಗೆ ಎರಡು ವರ್ಷ ದೊಡ್ಡವನಾಗಿದ್ದನು.

ತತ್ತ್ವವು ಕಾಗದದ ಮೇಲೆ ಗೆದ್ದಿತು. ಕಾಗದದ ಮೇಲೆಯೇ ಬಹುಕಾಲ ಇದ್ದಿತು. 1882ರಲ್ಲಿ ಸರ್ ವಿಲಿಯಂ ಹಂಟರನ ಶಿಕ್ಷಣ ಆಯೋಗ ಕುಳಿತಾಗಲೂ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸಕೂಡದೆಂಬ ನಿಯಮವನ್ನು ಪುನಃ ಸಾರಿ, ಒಡನೆಯೇ ಅದನ್ನು ಎಚ್ಚರಿಕೆಯಿಂದ ಅನ್ವಯಿಸತಕ್ಕುದೆಂದು ಸೇರಿಸಿ, ಕೆಳಗಿನವರೆನಿಸಿದವರಿಗೆ ಬೇರೆ ಶಾಲೆಗಳನ್ನು ತೆರೆಯುವುದು ಲೇಸೆಂದು ಸೂಚಿಸಿತು. ಎಚ್ಚರಿಕೆ ಎಂದರೆ ಏನೆಂಬುದು ಹಳ್ಳಿಯ ಶಾಲೆಯ ಕಟ್ಟೆಯಲ್ಲಿ ಕಣ್ಣಿಗೆ ಬೀಳುತ್ತಿದ್ದಿತು. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದು. ಹುಡುಗನು ಕಟ್ಟೆಯ ಮೇಲೆ ಇರುವನು. ಮಾಸ್ತರರು ಹೇಳಿದುದು ಕಿಟಕಿಯ ಮೂಲಕ ಕಿವಿಗೆ ಬೀಳಬೇಕು. ಬರೆದ ಪಾಟಿಯನ್ನು ಅವರು ಮುಟ್ಟದೆ ದೂರದಿಂದಲೇ ನೋಡಿ ತಪ್ಪು ಹೇಳಬೇಕು. ಸಾತಾರೆಯ ಶಾಲೆಗೆ ಭೀಮರಾವ್ ಅಂಬೇಡ್ಕರರೆಂಬ ಬಾಲಕನು ತನ್ನ ಗೋಣಿತಟ್ಟನ್ನು ತಾನೇ ಹೊತ್ತು ಹೋಗಿ, ಬೇರೆಯಾಗಿ ಕುಳಿತು, ಜವಾನನಿಲ್ಲದ ದಿನ ನೀರಿಲ್ಲದೆ ಬರುತ್ತಿದ್ದುದು ಈ ಎಚ್ಚರಿಕೆಯ ಕಾಲದಲ್ಲಿಯೇ.

ಮೈಸೂರು ಸಂಸ್ಥಾನದ ಕಥೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಶಾಸನಗಳ ಸಂಗ್ರಹದಿಂದ ನಮಗೆ ಚಿರಪರಿಚಿತನಾದ ಬಿ. ಎಲ್. ರೈಸ್ ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆಯ ಯೋಜನೆಯನ್ನು ಹಾಕಿ, ಕಟ್ಟಡವನ್ನು ಊರವರು ಒದಗಿಸತಕ್ಕುದು, ಮಾಸ್ತರನನ್ನು ಸರಕಾರ ಒದಗಿಸತಕ್ಕುದು ಎಂಬ ಒಡಂಬಡಿಕೆಯ ಮೇಲೆ ಕೂಲಿಮಠದ ಐಗಳ ಹಳೆಯ ವೃತ್ತಿಯನ್ನು ಸದ್ದಿಲ್ಲದೆ ಇಲಾಖೆಯೊಳಕ್ಕೆ ಎಳೆದುಕೊಂಡನು. ಜಾಣತನದ ಯೋಜನೆ. ಹಳೆಯ ಐಗಳೇ ಎಷ್ಟೋ ಕಡೆ ನಾರ್ಮಲ್ ಸ್ಕೂಲಿನಲ್ಲಿ ತರಬೇತು ಹೊಂದಿ, ರುಮಾಲು ಸುತ್ತಿ ಮೇಷ್ಟರಾದರು. ಆದರೆ ಕಟ್ಟಡ ಊರವರದೆಂದ ಮೇಲೆ ಬಾಗಿಲೂ ಊರವರದೇ.

ಈ ಬಾಗಿಲನ್ನು ತಟ್ಟುವ ಗೋಜಿಗೇ ಹೋಗದೆ ಬೇರೊಂದು ಹಾದಿಯನ್ನು ಹಿಡಿದವರು ಮಂಗಳೂರಿನ ಕುದ್ಮುಲ್ ರಂಗರಾಯರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1836ರಿಂದಲೇ ಕನ್ನಡ ಶಾಲೆಯನ್ನೂ, 1841ರಿಂದ ಅಚ್ಚುಕೂಟವನ್ನೂ ನಡೆಯಿಸುತ್ತಿದ್ದುದರಿಂದ, ತಪ್ಪಿಲ್ಲದೆ ಅಚ್ಚಾದ ಪಾಠಪುಸ್ತಕವು ಕ್ಯಾಂಪ್‌ಬೆಲ್ ದೂರಿದ ಪ್ರತಿಗಳ ಸ್ಥಾನಕ್ಕೆ ಬಂದಿದ್ದಿತು. ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮಾಸ್ತರಿಕೆ ಮಾಡಿ, ವಕೀಲರಾಗಿ, ಬ್ರಹ್ಮಸಮಾಜದ ಸಂಸರ್ಗ ಪಡೆದವರು. 1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮೇಲುಜಾತಿಯವರ ವಿರೋಧಕ್ಕೆ ಅದು ಮುಚ್ಚಿತು. ಅವರು ಬೇರೊಂದೆಡೆಯಲ್ಲಿ ತೆರೆದರು. ಜಾತಿಯಿಂದ ಬಹಿಷ್ಕಾರ ಬಂದಿತು; ಕ್ಷೌರಿಕನು ಬರಲೊಲ್ಲನು, ಬಂಧುಗಳು ಹೊಸ್ತಿಲು ತುಳಿಯಲೊಲ್ಲರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಮಂಗಳೂರಿನ ಶೇಡಿಗುಡ್ಡೆಯನ್ನು ಅದರ ನೆಲೆಯನ್ನಾಗಿ ಮಾಡಿಕೊಂಡು, ಅಕ್ಷರದ ಜೊತೆಗೆ ಮಗ್ಗದ ಕೆಲಸವನ್ನೂ ಕಲಿಸಿದರು. ಹೊಟ್ಟೆಗಿಲ್ಲದ ಮಗುವಿಗೆ ಕಾಗುಣಿತ ಹತ್ತದೆಂಬುದನ್ನು ಬಲ್ಲವರಾದುದರಿಂದ ಮಧ್ಯಾಹ್ನದ ಊಟವನ್ನೂ ಹಾಕಿಸಿದರು. ಸರಕಾರಗಳಿಗೆ ಈ ಸಾಮಾನ್ಯ ಜ್ಞಾನ ಬರಲು ಇನ್ನೂ ಹಲವು ದಶಕಗಳು ಹಿಡಿದುವು. ಹಳೆಯ ಕೂಲಿಮಠದ ರಹಸ್ಯವನ್ನು, ಅಂದರೆ ಮಠವು ಮಕ್ಕಳಿರುವ ಕೇರಿಯಲ್ಲಿಯೇ ಇರಬೇಕೆಂಬುದನ್ನು, ರಂಗರಾಯರು ತಿಳಿದುಕೊಂಡಿದ್ದರು. ಯಾವ ಕೇರಿಗೆ ಐಗಳು ಎಂದೂ ಕಾಲಿಟ್ಟಿರಲಿಲ್ಲವೋ ಆ ಕೇರಿಗೆ ಹೋದರೆಂಬುದೇ ಅವರ ವಿಶೇಷ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡ ಅವರು 1928ರ ಜನವರಿ 30ರಂದು ತೀರಿಕೊಂಡರು.

ಅದೇ 1928ರ ಮೇ ತಿಂಗಳಿನಲ್ಲಿ ಡಾಕ್ಟರ್ ಅಂಬೇಡ್ಕರರು, ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗದ ಮುಂದೆ, ಮುಂಬಯಿ ಆಧಿಪತ್ಯದಲ್ಲಿ ತಮ್ಮವರ ವಿದ್ಯಾಭ್ಯಾಸದ ಸ್ಥಿತಿಯನ್ನು ಕುರಿತು ಒಂದು ಹೇಳಿಕೆಯನ್ನು ಮಂಡಿಸಿದರು. ಅದರಲ್ಲಿ ಅವರು ಧಾರವಾಡದ ಹುಡುಗನ ಅರ್ಜಿಯ ವೃತ್ತಾಂತವನ್ನೂ ಎಲ್ಫಿನ್‌ಸ್ಟನ್ನನ ಸರಕಾರದ ಆಜ್ಞೆಯನ್ನೂ ಎಪ್ಪತ್ತೆರಡು ವರ್ಷಗಳ ದಫ್ತರದ ಧೂಳಿನಿಂದ ಎತ್ತಿ ತೋರಿಸಿ, ವಕೀಲನು ದಸ್ತಾವೇಜನ್ನು ಹಾಜರುಪಡಿಸುವ ರೀತಿಯಲ್ಲಿ, ಹೆಚ್ಚು ಮಾತಿಲ್ಲದೆ, ಆಯೋಗದ ಮುಂದಿಟ್ಟರು.